ಮರಳಪಟ್ಟಿಯ ಯಾವ ಬದಿಗೆ ಇಳಿಯುತ್ತೀರಿ?

ಕಾರಹುಣ್ಣಿಮೆ ಹತ್ತಿರ ಬಂದರೆ ಹುಬ್ಬಳ್ಳಿ, ಗದಗ, ಹಾವೇರಿಯ ಮಾಳಿಗೆಗಳ ಮೇಲೆ ಪಟಗಳು ಏಳುತ್ತವೆ. ಅದೇ ದಿನಗಳಲ್ಲಿ ನನ್ನ ಮೊಬೈಲಿಗೆ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಕೇಳುವವರು ಹುಬ್ಬಳ್ಳಿ-ಧಾರವಾಡದ ಹುಡುಗ ಹುಡುಗಿಯರು, ಗೋವಾದಲ್ಲೋ ರಾಮೇಶ್ವರದಲ್ಲೋ ಕೈಟ್‌ಸರ್ಫಿಂಗ್‌ನ ಮೊದಲ ತರಬೇತಿ ಮುಗಿಸಿ ಬಂದವರು. ದೊಡ್ಡ ಪಟದ ಎಳೆತಕ್ಕೆ ಬೋರ್ಡಿನ ಮೇಲೆ ನಿಂತು ನೀರಿನ ಮೇಲೆ ಓಡುವ ಆಟ ಅದು. ಬೋರ್ಡಿನ ಮೇಲೆ ಏಳುವುದು ಅವರಿಗೆ ಬರುತ್ತದೆ. ಎಡಕ್ಕೂ ಬಲಕ್ಕೂ ನೂರಿನ್ನೂರು ಮೀಟರ್ ಹೋಗುತ್ತಾರೆ. ಆದರೆ ಹೊರಟ ಜಾಗಕ್ಕೆ ತಿರುಗಿ ಬರಲು ಆಗುವುದಿಲ್ಲ. ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ದಂಡೆಯುದ್ದಕ್ಕೂ ನಡೆದು ಬರುತ್ತಾರೆ. ‘ಅಲೆಯೇ ಇಲ್ಲದ ಸಪಾಟು ನೀರು ಎಲ್ಲಿದೆ ಹೇಳಿ ಸರ್, ಅಲ್ಲಿ ಹೋಗಿ ಕಲಿಯುತ್ತೇವೆ’ ಎಂಬುದು ಅವರ ಕೇಳಿಕೆ.

ನಾನು ಊರಿನ ಹೆಸರು ಹೇಳುವ ಮೊದಲು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ಮರಳಪಟ್ಟಿಯ, ಎಂದರೆ ಎರಡು ನೀರುಗಳ ನಡುವೆ ಚಾಚಿದ ಕಿರಿದಾದ ಮರಳಿನ ನೆಲದ, ಯಾವ ಬದಿಗೆ ಇಳಿಯುತ್ತೀರಿ, ಆ ಹೊತ್ತಿನಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತಿರುತ್ತದೆ? ಇದಕ್ಕೆ ಉತ್ತರ ಗೊತ್ತಿರುವವರಿಗೆ ನೀರು ಏಕೆ ಸಪಾಟಾಗಿದೆ ಎಂಬುದು ತಿಳಿದಿರುತ್ತದೆ. ಅದೇ ನೀರಿನಲ್ಲಿ ಯಾವುದು ಜೀವಕ್ಕೆ ಎರವಾಗಬಲ್ಲದು ಎಂಬುದೂ ತಿಳಿದಿರುತ್ತದೆ. ಏಕೆಂದರೆ ಎರಡಕ್ಕೂ ಕಾರಣ ಒಂದೇ.

ಮೊದಲು ಪಟದ ಮಾತು. ನಾವು ಚಿಕ್ಕಂದಿನಲ್ಲಿ ಹಾರಿಸಿದ ಪಟಕ್ಕೂ ಈ ಪಟಕ್ಕೂ ಇರುವ ವ್ಯತ್ಯಾಸವೆಲ್ಲ ಸೂತ್ರದಲ್ಲಿದೆ. ಕಾಗದದ ಪಟಕ್ಕೆ ಸೂತ್ರ ಕಟ್ಟುವಾಗ ಮೇಲಿನ ದಾರ, ಕೆಳಗಿನ ದಾರಗಳ ಅಳತೆ ನೋಡಿ ಗಂಟು ಹಾಕುತ್ತಿದ್ದೆವು. ಪಟ ಗಾಳಿಗೆ ಎಷ್ಟು ಎದೆಯೊಡ್ಡಬೇಕು, ಎಷ್ಟು ಮಲಗಬೇಕು ಎಂಬುದನ್ನು ಆ ಗಂಟು ತೀರ್ಮಾನಿಸುತ್ತಿತ್ತು. ಗಾಳಿ ಜೋರಾದರೆ ಪಟವನ್ನು ಇಳಿಸಿ ಸೂತ್ರವನ್ನು ಮತ್ತೆ ಕಟ್ಟಬೇಕಿತ್ತು. ಕೈಟ್‌ಸರ್ಫಿಂಗ್‌ನಲ್ಲಿ ಆ ಗಂಟು ನಿಮ್ಮ ಕೈಯಲ್ಲೇ ಇರುತ್ತದೆ. ಇಪ್ಪತ್ತು ಇಪ್ಪತ್ತನಾಲ್ಕು ಮೀಟರ್ ಉದ್ದದ ಹುರಿಗಳ ತುದಿಯಲ್ಲಿ ನೀವು ಹಿಡಿದಿರುವ ಅಡ್ಡಕೋಲನ್ನು, ಎಂದರೆ ಬಾರನ್ನು, ಹತ್ತಿರಕ್ಕೆ ಎಳೆದುಕೊಂಡರೆ ಪಟದ ಹಿಂಬದಿ ಬಿಗಿದು ಅದು ಗಾಳಿಗೆ ಎದೆಯೊಡ್ಡುತ್ತದೆ, ಎಳೆತ ಹೆಚ್ಚುತ್ತದೆ. ಬಾರನ್ನು ದೂರ ತಳ್ಳಿದರೆ ಹಿಂಬದಿ ಸಡಿಲಾಗಿ ಪಟ ಮಲಗುತ್ತದೆ, ಎಳೆತ ಇಳಿಯುತ್ತದೆ. ದೇಹದ ಮೇಲೆ ಬೀಳುವ ಭಾರವನ್ನು ಸೊಂಟಕ್ಕೆ ಕಟ್ಟಿದ ಹಾರ್ನೆಸ್ ಹೊರುತ್ತದೆ. ಕೈಗಳಿಗೆ ಇರುವುದು ಸೂತ್ರದ ಕೆಲಸ ಮಾತ್ರ. ನೀರಿಗೆ ಬಿದ್ದ ಪಟ ಮುಳುಗದೆ ಮತ್ತೆ ಏಳಬೇಕೆಂದು ಅದರ ಅಂಚಿಗೆ ಗಾಳಿ ತುಂಬಿದ ಕೊಳವೆ ಜೋಡಿಸಿದವರು ಫ್ರಾನ್ಸಿನ ಬ್ರಿಟನಿ ಸೀಮೆಯ ಲೆಗೆನ್ಯೂ ಸಹೋದರರು. 1984ರಲ್ಲಿ ಅವರು ಅದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು. ಇಂದು ಈ ಆಟ ಒಲಿಂಪಿಕ್ಸ್‌ವರೆಗೂ ಹೋಗಿದೆ; 2024ರ ಪ್ಯಾರಿಸ್ ಕ್ರೀಡಾಕೂಟದಲ್ಲಿ ಮಾರ್ಸೇಯ ಕಡಲಿನಲ್ಲಿ ಮೊದಲ ಬಾರಿಗೆ ಅದರ ಸ್ಪರ್ಧೆ ನಡೆಯಿತು.

ಇನ್ನು ನೀರು. ಆಷಾಢದ ಒಂದು ಸಂಜೆ ಉಣಕಲ್ ಕೆರೆಯನ್ನು ಸುತ್ತು ಹಾಕಿ ನೋಡಿ. ಗಾಳಿ ಪಡುವಣದಿಂದ ಬೀಸುತ್ತಿರುತ್ತದೆ. ಪಡುವಣ ದಂಡೆಯ ಬುಡದಲ್ಲಿ ನೀರು ಮೆತ್ತಗೆ ನಡುಗುತ್ತದೆ, ಅಷ್ಟೆ. ಮೂಡಣ ದಂಡೆಗೆ ಬಂದರೆ ಅದೇ ಗಾಳಿಗೆ ಅಲೆಗಳು ಕಲ್ಲಿಗೆ ಬಡಿಯುತ್ತಿರುತ್ತವೆ. ಗಾಳಿ ಎರಡೂ ಕಡೆ ಒಂದೇ. ಬೇರೆಯಾದದ್ದು, ಅದು ನೀರಿನ ಮೇಲೆ ತಡೆಯಿಲ್ಲದೆ ಓಡಿ ಬಂದ ದೂರ. ಅಲೆಯ ಎತ್ತರವನ್ನು ಮೂರು ಸಂಗತಿಗಳು ಕಟ್ಟುತ್ತವೆ: ಗಾಳಿಯ ವೇಗ, ಅದು ಎಷ್ಟು ಹೊತ್ತು ಬೀಸಿತು ಎಂಬುದು, ಮತ್ತು ಈ ಓಟದ ದೂರ. ಇಪ್ಪತ್ತು ನಾಟ್, ಎಂದರೆ ಗಂಟೆಗೆ ಸುಮಾರು 37 ಕಿಲೋಮೀಟರ್ ವೇಗದ ಗಾಳಿ ನೂರು ಮೀಟರ್ ನೀರಿನ ಮೇಲೆ ಓಡಿದರೆ ಏಳುವ ಅಲೆ ಎರಡು ಮೂರು ಬೆರಳಿನಷ್ಟು ಎತ್ತರ. ಒಂದು ಕಿಲೋಮೀಟರ್ ಓಡಿದರೂ ಅದು ಒಂದು ಗೇಣನ್ನು ಮುಟ್ಟುವುದಿಲ್ಲ. ಅದೇ ಗಾಳಿ ಅರಬ್ಬಿ ಸಮುದ್ರದಲ್ಲಿ ನೂರಾರು ಕಿಲೋಮೀಟರ್ ಓಡಿ ಬಂದರೆ ಆಳೆತ್ತರದ ಅಲೆಯಾಗುತ್ತದೆ.

ಮರಳಪಟ್ಟಿ ಮಾಡುವ ಕೆಲಸ ಇಲ್ಲಿದೆ. ಕಡಲಿನಲ್ಲಿ ಓಡಿ ಬಂದ ಅಲೆ ಅದಕ್ಕೆ ಬಡಿದು ಒಡೆಯುತ್ತದೆ. ಗಾಳಿ ಮಾತ್ರ ಆಳೆತ್ತರವೂ ಇಲ್ಲದ ಮರಳಿನ ಮೇಲಿಂದ ಹಾದು ಆಚೆ ಬದಿಯ ನೀರಿಗೆ ಇಳಿಯುತ್ತದೆ. ಅಲ್ಲಿ ಅದರ ಓಟ ಮತ್ತೆ ಸೊನ್ನೆಯಿಂದ ಶುರು. ಆದ್ದರಿಂದ ಪಟ್ಟಿಯ ಮರೆಯ ನೀರಿನಲ್ಲಿ ಪೂರ್ತಿ ಗಾಳಿ ಇರುತ್ತದೆ, ಅಲೆ ಇರುವುದಿಲ್ಲ. ವೇಗದ ದಾಖಲೆಗೆ ಹೊರಟವರು ಇದನ್ನು ಚೆನ್ನಾಗಿ ಬಲ್ಲರು. ನಮೀಬಿಯಾದ ಲೂಡೆರಿಟ್ಸ್‌ನಲ್ಲಿ ಸಪಾಟು ನೀರಿಗಾಗಿಯೇ ಕಾಲುವೆ ತೋಡಿ, ಅದರಲ್ಲಿ 2010ರಲ್ಲಿ ರಾಬ್ ಡಗ್ಲಾಸ್ 500 ಮೀಟರ್ ದೂರವನ್ನು 55.65 ನಾಟ್ ಸರಾಸರಿಯಲ್ಲಿ ದಾಟಿದರು. ಅದು ಗಂಟೆಗೆ 103 ಕಿಲೋಮೀಟರ್. ಹಾಯಿ ಕಟ್ಟಿದ ಯಾವ ದೋಣಿಯೂ ಅದುವರೆಗೆ ಆ ದೂರದಲ್ಲಿ ಅಷ್ಟು ಸರಾಸರಿ ವೇಗ ಕಂಡಿರಲಿಲ್ಲ.

ಮರಳಪಟ್ಟಿ ಎಂದಾಕ್ಷಣ ಗಾಳಿಯೂ ಚೆನ್ನಾಗಿರುತ್ತದೆ ಎಂದುಕೊಳ್ಳಬೇಡಿ. ಪಟ್ಟಿಯ ಮೇಲೆ ಏನಿದೆ ಎಂಬುದನ್ನು ನೋಡಬೇಕು. ಉಡುಪಿ ಬಳಿಯ ಕೋಡಿ ಬೆಂಗ್ರೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ನದಿ. ನೀರು ಕಂಡರೆ ಆಸೆಯಾಗುತ್ತದೆ. ಆದರೆ ಆ ಕಿರಿದಾದ ಪಟ್ಟಿಯ ಮೇಲೆ ತೆಂಗಿನ ಮರಗಳಿವೆ, ಮನೆಗಳಿವೆ. ಕಡಲ ಗಾಳಿ ಅವುಗಳಿಗೆ ತಾಗಿ ಸುತ್ತಿ ಸುರುಳಿಯಾಗಿ ಬೀಳುತ್ತದೆ. ಅಡ್ಡಿಯ ಎತ್ತರದ ಹತ್ತು ಪಟ್ಟು ದೂರದವರೆಗೂ, ಕೆಲವೊಮ್ಮೆ ಅದಕ್ಕೂ ಆಚೆ, ಗಾಳಿ ಒಡೆದಿರುತ್ತದೆ ಎಂದು ಲೆಕ್ಕ ಹಿಡಿಯಿರಿ. ನಮ್ಮ ಕರಾವಳಿಯ ಮರಳಿನಲ್ಲಿ ನೆಟ್ಟ ಸರ್ವೆಯನ್ನು ನಾವು ಗಾಳಿಮರ ಎಂದು ಕರೆಯುತ್ತೇವೆ. ಅದು ಗಾಳಿಯನ್ನು ತಡೆಯಲೆಂದೇ ನೆಟ್ಟ ಮರ. ಹದಿನೈದು ಮೀಟರ್ ಎತ್ತರದ ಗಾಳಿಮರದ ತೋಪಿನ ಹಿಂದೆ ನೂರೈವತ್ತು ಮೀಟರ್‌ವರೆಗೆ ಪಟ ಹಾರಿಸುವುದೆಂದರೆ ನೆಲ ಕಾಣದ ಕತ್ತಲಲ್ಲಿ ಮೆಟ್ಟಿಲಿಳಿದಂತೆ. ಎಲ್ಲಿ ಕಾಲಿಗೆ ಆಸರೆ ತಪ್ಪುತ್ತದೋ ಗೊತ್ತಾಗದು.

ನಡುಹಂತದವರಿಗೆ ಸಪಾಟು ನೀರು ಏಕೆ ಒಳ್ಳೆಯ ಗುರು? ಅಲೆಗಳ ನಡುವೆ ಬೋರ್ಡಿನ ಅಂಚು ಕ್ಷಣಕ್ಕೊಮ್ಮೆ ನೀರನ್ನು ಬಿಡುತ್ತದೆ, ಮತ್ತೆ ಕಚ್ಚುತ್ತದೆ. ನೀವು ಮಾಡಿದ ತಪ್ಪು ಯಾವುದು, ಅಲೆ ಮಾಡಿದ ಉಪದ್ರವ ಯಾವುದು ಎಂದು ತಿಳಿಯುವುದೇ ಇಲ್ಲ. ಸಪಾಟು ನೀರಿನಲ್ಲಿ ಅಂಚು ಒಂದೇ ಸಮನೆ ಕಚ್ಚಿರುತ್ತದೆ, ಹಿಂದೆ ಒಂದು ಗೆರೆ ಎಳೆಯುತ್ತ ಹೋಗುತ್ತದೆ. ಆ ಗೆರೆಯೇ ನಿಮ್ಮ ಪಾಠದ ಪುಸ್ತಕ. ತಿರುಗಿ ನೋಡಿದಾಗ ಗೆರೆ ಗಾಳಿ ಬರುವ ಕಡೆಗೆ ಏರುತ್ತಿದ್ದರೆ ನೀವು ಹೊರಟಲ್ಲಿಗೆ ಮರಳುವಿರಿ. ಗಾಳಿ ಹೋಗುವ ಕಡೆಗೆ ಜಾರುತ್ತಿದ್ದರೆ ದಂಡೆಯ ಮೇಲಿನ ನಡಿಗೆ ಕಾದಿದೆ.

ಗಾಳಿಗೆ ಎದುರಾಗಿ ಏರುವುದು ಹೇಗೆ ಎಂಬುದೇ ಈ ಹಂತದ ಮುಖ್ಯ ವಿದ್ಯೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಪಟ ಗಾಳಿ ಹೋಗುವ ದಿಕ್ಕಿಗೆ ಎಳೆಯುತ್ತದೆ, ಬೋರ್ಡಿನ ಅಂಚು ಆ ಎಳೆತಕ್ಕೆ ಅಡ್ಡ ನಿಲ್ಲುತ್ತದೆ. ಕೂರಿಗೆಯ ತಾಳು ನೆಲದಲ್ಲಿ ಊರಿದಾಗ ಎತ್ತುಗಳ ಎಳೆತ ಸಾಲಿನ ನೇರಕ್ಕೇ ಹೋಗುವಂತೆ, ಅಂಚು ನೀರಿನಲ್ಲಿ ಊರಿದಾಗ ಪಟದ ಎಳೆತ ಅಂಚಿನ ನೇರಕ್ಕೆ ತಿರುಗುತ್ತದೆ. ತಾಳು ಮೇಲೆದ್ದರೆ ಸಾಲು ಸೊಟ್ಟಗಾಗುತ್ತದೆ. ಅಂಚು ಮೇಲೆದ್ದರೆ ನೀವು ಪಟದ ಹಿಂದೆ ಜಾರುತ್ತೀರಿ.

ಎಲ್ಲರೂ ಮಾಡುವ ತಪ್ಪೆಂದರೆ ವೇಗ ಬರುವ ಮೊದಲೇ ಅಂಚನ್ನು ಒತ್ತುವುದು. ಆಗ ಬೋರ್ಡ್ ಮುಳುಗುತ್ತದೆ. ಮೊದಲು ಬೋರ್ಡನ್ನು ಚಪ್ಪಟೆಯಾಗಿ ಬಿಟ್ಟು ಓಡಲು ಬಿಡಿ, ನೀರು ಬೋರ್ಡಿನ ಕೆಳಗೆ ಗಟ್ಟಿಯಾದಂತೆ ಅನಿಸಿದ ಮೇಲೆ ಹಿಮ್ಮಡಿಯ ಮೇಲೆ ಭಾರ ಹಾಕಿ. ಮುಂದಿನ ಕಾಲು ನೇರ, ಹಿಂದಿನ ಕಾಲು ತುಸು ಮಡಿಸಿರಲಿ. ಪಟವನ್ನು ನೆತ್ತಿಯ ಮೇಲೆ ಇಡಬೇಡಿ. ಅಲ್ಲಿ ಅದು ನಿಮ್ಮನ್ನು ಮೇಲಕ್ಕೆ ಎತ್ತುತ್ತದೆಯೇ ಹೊರತು ಮುಂದಕ್ಕೆ ಎಳೆಯುವುದಿಲ್ಲ. ನೆತ್ತಿಯನ್ನು ಗಡಿಯಾರದ ಹನ್ನೆರಡು ಎಂದುಕೊಂಡರೆ, ಎಡಕ್ಕೆ ಹೋಗುವಾಗ ಹತ್ತೂವರೆ, ಬಲಕ್ಕೆ ಹೋಗುವಾಗ ಒಂದೂವರೆಯ ಜಾಗದಲ್ಲಿ ಪಟ ಇರಲಿ. ಮತ್ತೆ, ಪಟವನ್ನೇ ದಿಟ್ಟಿಸುವುದನ್ನು ಬಿಡಿ. ಕಣ್ಣು ಹೋದಲ್ಲಿಗೆ ಹೆಗಲು, ಹೆಗಲು ಹೋದಲ್ಲಿಗೆ ಸೊಂಟ, ಸೊಂಟ ಹೋದಲ್ಲಿಗೆ ಬೋರ್ಡ್. ಗಾಳಿ ಬರುವ ಕಡೆಯಲ್ಲಿ ಒಂದು ಗುರುತು ಹಿಡಿದು ಅದನ್ನೇ ನೋಡಿ. ಎಷ್ಟೋ ಮಂದಿಗೆ ನಾನು ಈ ಒಂದೇ ಮಾತು ಹೇಳಿದ್ದೇನೆ, ಅಂದೇ ಸಂಜೆ ಅವರು ನಡೆಯುವುದನ್ನು ನಿಲ್ಲಿಸಿದ್ದಾರೆ.

ಗಾಳಿ ಒಂದೇ ಸಮ ಇರುವುದಿಲ್ಲ. ಗದಗಿನ ಕಪ್ಪತಗುಡ್ಡದ ಮೇಲೆ ಸಾಲುಸಾಲಾಗಿ ತಿರುಗುವ ಗಾಳಿಯಂತ್ರಗಳನ್ನು ನೋಡಿದವರಿಗೆ ಒಂದು ಲೆಕ್ಕ ಹೇಳುತ್ತೇನೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿ ಹರಿದು ಬರುವ ಶಕ್ತಿ ಎಂಟು ಪಟ್ಟು, ಅದು ತಳ್ಳುವ ಬಲ ನಾಲ್ಕು ಪಟ್ಟು. ನಿಮಗೆ ಬೇಕಾದದ್ದು ಎರಡನೆಯದು. ಹದಿನೆಂಟು ನಾಟ್ ಇದ್ದ ಗಾಳಿ ಒಮ್ಮೆಲೇ ಇಪ್ಪತ್ತನಾಲ್ಕಕ್ಕೆ ಏರಿದರೆ, ಏರಿದ್ದು ಮೂರನೆಯ ಒಂದು ಪಾಲು ಮಾತ್ರ ಎನಿಸುತ್ತದೆ; ಪಟದ ಎಳೆತ ಮುಕ್ಕಾಲು ಪಾಲಿಗೂ ಹೆಚ್ಚು ಏರಿರುತ್ತದೆ. ಆ ಕ್ಷಣದಲ್ಲಿ ಹೆದರಿದ ಕೈ ಬಾರನ್ನು ಎದೆಗೆ ಅವುಚಿಕೊಳ್ಳುತ್ತದೆ. ಬೀಳುವವನು ಸಿಕ್ಕಿದ್ದನ್ನು ಹಿಡಿದುಕೊಳ್ಳುವುದು ಮನುಷ್ಯನ ಸ್ವಭಾವ. ಆದರೆ ಇಲ್ಲಿ ಎಳೆದುಕೊಂಡಷ್ಟೂ ಎಳೆತ ಹೆಚ್ಚುತ್ತದೆ. ಬಾರನ್ನು ಬಿಡಬೇಕು. ಬಿಡುವುದನ್ನು ದೇಹ ಕಲಿಯುವವರೆಗೆ ಬೇರೆ ಯಾವ ಕಸರತ್ತೂ ಬೇಡ.

ಸುಮಾರು ಎಪ್ಪತ್ತು ಕಿಲೋ ತೂಕದವರಿಗೆ ಹದಿನೈದರಿಂದ ಹದಿನೆಂಟು ನಾಟ್‌ಗೆ 12 ಚದರ ಮೀಟರಿನ ಪಟ, ಇಪ್ಪತ್ತರಿಂದ ಇಪ್ಪತ್ತನಾಲ್ಕಕ್ಕೆ 9 ಚದರ ಮೀಟರಿನದು ಹೊಂದುತ್ತದೆ. ಅನುಮಾನವಿದ್ದರೆ ಚಿಕ್ಕದನ್ನೇ ಏರಿಸಿ.

ನಮ್ಮ ಕಡೆಯವರಿಗೆ ಗಾಳಿ ಓದುವುದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಮುಳಗುಂದದ ಕಡೆಯ ನಮ್ಮ ಕಣದಲ್ಲಿ ಅಪ್ಪ ಜೋಳ ತೂರುತ್ತಿದ್ದಾಗ ನಾನು ಕೆಳಗೆ ನಿಂತು ನೋಡುತ್ತಿದ್ದೆ. ಮೊರ ಎತ್ತಿ ಹಿಡಿದು ಕಾಯುತ್ತಿದ್ದರು. ದೂರದ ಬೇವಿನ ಎಲೆ ಅಲುಗಿದಾಗ ಮೊರ ಬಾಗುತ್ತಿತ್ತು. ಕಾಳು ಕಾಲ ಬುಡಕ್ಕೆ, ಹೊಟ್ಟು ಆಚೆಗೆ. ಗಾಳಿ ತಮ್ಮನ್ನು ಮುಟ್ಟುವ ಮೊದಲೇ ಅದು ಬರುತ್ತಿರುವುದು ಅವರಿಗೆ ತಿಳಿಯುತ್ತಿತ್ತು. ನೀರಿನ ಮೇಲೂ ಹಾಗೆಯೇ: ಜೋರಾದ ಗಾಳಿ ಕಪ್ಪು ಮಚ್ಚೆಯಾಗಿ ನೀರಿನ ಮೇಲೆ ಹರಿದು ಬರುತ್ತದೆ, ಬಿದ್ದ ಗಾಳಿ ಎಣ್ಣೆ ಚೆಲ್ಲಿದಂತೆ ಹೊಳೆಯುತ್ತದೆ. ಮಚ್ಚೆ ಮುಟ್ಟುವ ಮೊದಲೇ ಬಾರ್ ಹೊರಗೆ ಹೋಗಿರಬೇಕು.

ಈಗ ಮೊದಲ ಪ್ರಶ್ನೆಗೆ ಬರೋಣ. ಧನುಷ್ಕೋಡಿಯ ನಕ್ಷೆಯನ್ನು ನೋಡಿ. ರಾಮೇಶ್ವರದಿಂದ ಆಗ್ನೇಯಕ್ಕೆ ಚಾಚಿದ ಮರಳಿನ ನಾಲಿಗೆ ಅದು. 1964ರ ಡಿಸೆಂಬರಿನ ಚಂಡಮಾರುತ ಅಲ್ಲಿನ ಪೇಟೆಯನ್ನೇ ನುಂಗಿತು. ನಾಲಿಗೆಯ ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ, ಉತ್ತರಕ್ಕೆ ಪಾಕ್ ಕೊಲ್ಲಿ. ನೈಋತ್ಯ ಮಾರುತದ ತಿಂಗಳುಗಳಲ್ಲಿ ಗಾಳಿ ಮನ್ನಾರ್ ಕೊಲ್ಲಿಯಿಂದ ಬಂದು ಮರಳನ್ನು ದಾಟುತ್ತದೆ, ಪಾಕ್ ಕೊಲ್ಲಿಯ ಬದಿ ಸಪಾಟಾಗುತ್ತದೆ. ಡಿಸೆಂಬರಿನ ಹೊತ್ತಿಗೆ ಈಶಾನ್ಯ ಗಾಳಿ ಹಿಡಿಯಿತೆಂದರೆ ಎಲ್ಲ ತಲೆಕೆಳಗು, ಸಪಾಟು ನೀರು ಮನ್ನಾರ್ ಕೊಲ್ಲಿಯ ಬದಿಗೆ ಹೋಗುತ್ತದೆ. ಯಾವ ಋತುವಾದರೂ ಒಂದು ಮಾತು ಬದಲಾಗುವುದಿಲ್ಲ: ಸಪಾಟು ಬದಿಯಲ್ಲಿ ಗಾಳಿ ನೆಲದಿಂದ ನೀರಿನ ಕಡೆಗೆ ಬೀಸುತ್ತಿರುತ್ತದೆ. ಅಲೆ ಇಲ್ಲದಿರಲು ಅದೇ ಕಾರಣ. ಪಟ ಕೆಟ್ಟರೆ ನಿಮ್ಮನ್ನು ದಂಡೆಯಿಂದ ದೂರ ಒಯ್ಯುವುದೂ ಅದೇ ಗಾಳಿ.

ನನಗೆ ಇದು ತಿಳಿದದ್ದು ಒಂದು ಜುಲೈ ಸಂಜೆ, ಪಾಕ್ ಕೊಲ್ಲಿಯ ಬದಿಯಲ್ಲಿ. ನೀರು ಕನ್ನಡಿಯಂತಿತ್ತು, ನಾನು ಚೆನ್ನಾಗಿಯೇ ಓಡುತ್ತಿದ್ದೆ. ಅಷ್ಟು ಚೆನ್ನಾಗಿ ಓಡುತ್ತಿದ್ದೇನೆ ಎಂಬುದರಿಂದಲೇ ದಂಡೆಯಿಂದ ನಾನೂರು ಮೀಟರ್ ಹೋದದ್ದು ಗಮನಕ್ಕೆ ಬರಲಿಲ್ಲ. ಹೊತ್ತು ಮುಳುಗುತ್ತಿದ್ದಂತೆ ಗಾಳಿ ಬಿತ್ತು. ಪಟ ನೀರಿಗಿಳಿಯಿತು. ಮತ್ತೆ ಏಳಿಸುವಷ್ಟು ಗಾಳಿ ಇರಲಿಲ್ಲ, ನನ್ನನ್ನು ಕಡಲಿನೊಳಕ್ಕೆ ತೇಲಿಸಿಕೊಂಡು ಹೋಗುವಷ್ಟು ಮಾತ್ರ ಇತ್ತು. ಹುರಿಗಳನ್ನು ಬಾರಿಗೆ ಸುತ್ತಿ, ಪಟದ ಮೇಲೆ ಒರಗಿ, ದಂಡೆ ಚಿಕ್ಕದಾಗುವುದನ್ನು ನೋಡುತ್ತ ಒಂದು ಗಂಟೆ ಕಳೆದೆ. ಬಲೆ ಎಳೆದು ಹಿಂದಿರುಗುತ್ತಿದ್ದ ಒಂದು ನಾಡದೋಣಿ ಕಂಡು ಹತ್ತಿರ ಬಂತು. ದೋಣಿಯವರು ಏನನ್ನೂ ಕೇಳಲಿಲ್ಲ, ಕೈ ಹಿಡಿದು ಎತ್ತಿಕೊಂಡರು. ಅಂದಿನಿಂದ, ಗಾಳಿ ಹೊರಕ್ಕೆ ಬೀಸುವ ತೆರೆದ ನೀರಿನಲ್ಲಿ, ಕಾವಲು ದೋಣಿ ಇಲ್ಲದಿದ್ದರೆ, ಎದೆಮಟ್ಟದ ಆಳಕ್ಕಿಂತ ಆಚೆ ನಾನು ಹೋಗುವುದಿಲ್ಲ. ಅಲ್ಲಿ ಶ್ರೀಲಂಕಾದ ಗಡಿ ಕಡಲೂ ಹತ್ತಿರದಲ್ಲಿದೆ; ಎಲ್ಲಿ ಇಳಿಯಬಹುದು ಎಂಬುದನ್ನು ಮೊದಲೇ ವಿಚಾರಿಸಬೇಕು.

ಇದರ ಜೊತೆಗಿಟ್ಟು ಶ್ರೀಲಂಕಾದ ಪಡುವಣ ಕರಾವಳಿಯ ಕಲ್ಪಿಟಿಯವನ್ನು ನೋಡಿ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಗಾಳಿ ಕಡಲಿನಿಂದ ಬಂದು ಮರಳಪಟ್ಟಿಯನ್ನು ದಾಟಿ ಒಂದು ಪುಟ್ಟ ಲಗೂನಿಗೆ, ಎಂದರೆ ಮರಳಿನ ಹಿಂದೆ ನಿಂತ ಕಡಲ ನೀರಿಗೆ, ಇಳಿಯುತ್ತದೆ. ಪಟ್ಟಿಯ ಮರೆ, ಸಪಾಟು ನೀರು, ಎಲ್ಲ ಅದೇ. ಆದರೆ ಲಗೂನಿನ ಆಚೆ ದಡ ಕಣ್ಣಳತೆಯಲ್ಲಿದೆ. ಪಟ ಕೆಟ್ಟರೆ ಗಾಳಿ ನಿಮ್ಮನ್ನು ಆ ದಡಕ್ಕೆ ಸೇರಿಸುತ್ತದೆ, ಮುಂದಿನದು ಬರೀ ನಡಿಗೆ. ನಡುಹಂತದವರಿಗೆ ನಾನು ಹೇಳುವುದು ಇಂಥ ಜಾಗವನ್ನೇ. ಮರೆ ಕೊಡುವ ಮರಳು ಒಂದು ಕಡೆ, ತಡೆದು ನಿಲ್ಲಿಸುವ ನೆಲ ಇನ್ನೊಂದು ಕಡೆ.

ಲಗೂನಿಗೆ ಬಾಯಿ ಇರುತ್ತದೆ ಎಂಬುದನ್ನೂ ಮರೆಯಬಾರದು. ನಮ್ಮ ಕರಾವಳಿಯವರು ಅದನ್ನು ಅಳಿವೆ ಎನ್ನುತ್ತಾರೆ. ಕೆರೆಯ ತೂಬು ತೆರೆದಾಗ ಇಡೀ ಕೆರೆಯ ನೀರು ಆ ಕಿಂಡಿಯೊಂದರಿಂದಲೇ ನುಗ್ಗುವುದನ್ನು ನೋಡಿದ್ದೀರಿ. ಇಳಿತದ ಹೊತ್ತಿನಲ್ಲಿ ಲಗೂನಿನ ನೀರೆಲ್ಲ ಅಳಿವೆಯಿಂದ ಹಾಗೆಯೇ ಕಡಲಿಗೆ ಓಡುತ್ತದೆ, ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಇನ್ನೂ ಜೋರಾಗಿ. ಉಬ್ಬರ ಏರುತ್ತಿರುವಾಗ ನೀರಿಗಿಳಿಯಿರಿ. ಇಳಿತ ಶುರುವಾದ ಮೇಲೆ ಅಳಿವೆಯ ಹತ್ತಿರ ಸುಳಿಯಬೇಡಿ. ಉಬ್ಬರದ ಸಮಯ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ, ನಿನ್ನೆಯ ಗಡಿಯಾರ ಇಂದಿಗೆ ನಡೆಯದು. ಕಳೆದ ವರ್ಷದ ನಕ್ಷೆಯೂ ನಡೆಯದು: ಮಳೆಗಾಲ ಮರಳನ್ನು ಸರಿಸುತ್ತದೆ, ಅಳಿವೆಯ ಬಾಯಿಯೂ ಸರಿಯುತ್ತದೆ. ಸ್ಥಳೀಯ ಮೀನುಗಾರರನ್ನು ಕೇಳಿ. ಬಲೆ ಕಟ್ಟುವ ಗೂಟಗಳು ಎಲ್ಲಿವೆ ಎಂಬುದನ್ನೂ ಅವರೇ ಹೇಳುತ್ತಾರೆ.

ಆಳ ಕಡಿಮೆ ಎಂಬುದು ಧೈರ್ಯ ಕೊಡುತ್ತದೆ, ಕಾಲು ಮುರಿಯುವುದೂ ಅದರಿಂದಲೇ. ಸೊಂಟಮಟ್ಟದ ನೀರಿನಲ್ಲಿ ಓಡಾಡಿ, ತಿರುಗುವುದನ್ನು ಕಲಿಯಿರಿ. ಜಿಗಿಯಬೇಡಿ. ಮೂರು ಮೀಟರ್ ಮೇಲಿಂದ ಬೆನ್ನ ಮೇಲೆ ಬಿದ್ದವನಿಗೆ ಅಷ್ಟು ನೀರು ಹಾಸಿಗೆಯಾಗುವುದಿಲ್ಲ. ಗಾಳಿ ಹೋಗುವ ಕಡೆಯಲ್ಲಿ ಕನಿಷ್ಠ ಐವತ್ತು ಮೀಟರ್, ಎಂದರೆ ನಿಮ್ಮ ಹುರಿಯ ಎರಡು ಉದ್ದ, ಮರಳೂ ಮನುಷ್ಯರೂ ಇಲ್ಲದ ತೆರಪು ಇರಬೇಕು. ನೀರು ಮೊಣಕಾಲಿಗಿಂತ ಕೆಳಗಿಳಿದಲ್ಲಿ ಬೋರ್ಡಿನ ಅಡಿಯಲ್ಲಿರುವ ಫಿನ್, ಎಂದರೆ ಮೀನಿನ ರೆಕ್ಕೆಯಂಥ ತುಂಡು, ಮರಳಿಗೆ ಸಿಕ್ಕಿ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ.

ಎದುರುಬದುರು ಬಂದಾಗ ಬಲಗೈ ಮುಂದಾಗಿ ಬರುತ್ತಿರುವವರಿಗೆ ದಾರಿ. ಪಕ್ಕಪಕ್ಕ ಹಾಯುವಾಗ ಗಾಳಿ ಬರುವ ಕಡೆ ಇರುವವರು ಪಟವನ್ನು ಮೇಲಕ್ಕೆತ್ತಬೇಕು, ಇನ್ನೊಬ್ಬರು ಕೆಳಗಿಳಿಸಬೇಕು. ದಂಡೆಯಿಂದ ಹೊರಡುವವರಿಗೆ ಒಳಬರುವವರು ದಾರಿ ಬಿಡಬೇಕು. ನಿಯಮಗಳು ಇಷ್ಟೇ, ಆದರೆ ಇವು ಬಾಯಿಪಾಠ ಆಗಿರಬೇಕು.

ಮರಳಪಟ್ಟಿಯಲ್ಲಿ ನಮಗಿಂತ ಮೊದಲು ಬಂದವರಿದ್ದಾರೆ. ಇಳಿತದಲ್ಲಿ ತೆರೆದುಕೊಂಡ ಕೆಸರಿನಲ್ಲಿ ಹುಳು ಹೆಕ್ಕುವ ವಲಸೆ ಹಕ್ಕಿಗಳಿಗೆ ತಲೆಯ ಮೇಲೆ ತೇಲುವ ಪಟ ಗಿಡುಗನಂತೆ ಕಾಣುತ್ತದೆ. ಅವು ಮೇವು ಬಿಟ್ಟು ಏಳುತ್ತವೆ. ಚಳಿಗಾಲದಲ್ಲಿ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ದೂರದಿಂದ ನೋಡಿ ಬೆಳೆದ ಗದಗಿನವರಿಗೆ ಇದನ್ನು ವಿವರಿಸಬೇಕಿಲ್ಲ. ಹಕ್ಕಿಗಳ ಹಿಂಡು ಕೂತ ಬದಿಯನ್ನು ಬಿಟ್ಟು ಇಳಿಯಿರಿ, ಆಮೆಗಳು ಮೊಟ್ಟೆಯಿಡುವ ಮರಳಿನಲ್ಲಿ ಪಟ ಹಾಸಬೇಡಿ. ಮಾಗಡಿ ಕೆರೆಯಲ್ಲೇ ಆಡಬಹುದೇ ಎಂದು ಇಬ್ಬರು ಕೇಳಿದ್ದಾರೆ. ಬೇಡ. 2024ರಲ್ಲಿ ಜೌಗು ನೆಲೆಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿಗೆ ಸೇರಿದ ನೆಲೆ ಅದು, ಹಕ್ಕಿಗಳ ಜಾಗ. ಉಣಕಲ್, ಕೆಲಗೇರಿ ಕೆರೆಗಳೂ ಬೇಡ. ಸುತ್ತ ಮರ, ಕಟ್ಟಡ, ತಂತಿಗಳಿರುವಲ್ಲಿ ಗಾಳಿ ನೆಟ್ಟಗಿರುವುದಿಲ್ಲ.

ಊರಿನಲ್ಲಿದ್ದುಕೊಂಡು ಮಾಡಬಹುದಾದದ್ದು ಬೇರೆ ಇದೆ. ಎರಡು ಮೂರು ಚದರ ಮೀಟರಿನ ಅಭ್ಯಾಸದ ಪಟವೊಂದನ್ನು ತೆಗೆದುಕೊಂಡು, ಕರೆಂಟ್ ತಂತಿಯಿಲ್ಲದ ಊರಾಚೆಯ ಬಯಲಿಗೆ ಆಷಾಢದ ಸಂಜೆ ಹೋಗಿ. ಗಾಳಿಗೆ ಬೆನ್ನು ಕೊಟ್ಟು ನಿಂತು ಪಟವನ್ನು ಹತ್ತೂವರೆಯಲ್ಲಿ ಐದು ನಿಮಿಷ ನಿಲ್ಲಿಸಿ, ಆಮೇಲೆ ಒಂದೂವರೆಯಲ್ಲಿ ಐದು ನಿಮಿಷ. ಪಟವನ್ನು ನೋಡದೆ ನಿಲ್ಲಿಸಿ. ಕಣ್ಣು ಬಯಲಿನ ಆಚೆಯ ಒಂದು ಬೇವಿನ ಮರದ ಮೇಲಿರಲಿ.